ಸೂಜಿ ಹಿಡಿದ ತಾಯಿ

ಕಡಲು ದಾಟಿ ಪರದೇಶ ಸೇರಿದ ಹೆಣ್ಣಿಗೆ ಅಲ್ಲಿಯ ನುಡಿ ಬಾರದಿರಬಹುದು. ಸೂಜಿದಾರಗಳಿಗೆ ಆ ಕೊರತೆಯಿಲ್ಲ. ಇಟಲಿಯಿಂದ ನ್ಯೂಯಾರ್ಕಿಗೆ ಬಂದ ಕತೆರೀನಾ ಮಾಲ್ತೆಸೆಗೂ ಹೊಲಿಗೆಯೇ ಆಸರೆಯಾಯಿತು. 39 ವರ್ಷದ ಆ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಹೆಂಗಸರ ಕುಪ್ಪಸ ಹೊಲಿಯುವ ಟ್ರಯಾಂಗಲ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಹಿರಿಯಳಾದ ಲೂಚಿಯಾಗೆ 20 ವರ್ಷ. ಕಿರಿಯಳಾದ ರೊಸಾರಿಯಾಗೆ 14. ಕಾರ್ಖಾನೆಯ ದುಡಿಮೆಗೆ ಅಂದಿನ ಕಾನೂನು ಬಯಸಿದ ವಯಸ್ಸೂ ಅಷ್ಟೇ.

1911ರ ಮಾರ್ಚ್ 25, ಶನಿವಾರ. ವಾರದ ದುಡಿಮೆ ಮುಗಿದು ಮನೆಗೆ ಹೊರಡುವ ಹೊತ್ತು. ಎಂಟನೆಯ ಅಂತಸ್ತಿನಲ್ಲಿ ಬಟ್ಟೆಯ ಚೂರುಗಳಿಗೆ ತಗುಲಿದ ಕಿಡಿ ನೋಡುನೋಡುತ್ತಲೇ ಮೇಲಕ್ಕೆ ಹಬ್ಬಿತು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಬಿದ್ದಿತ್ತು. ಬೆಂಕಿ ಆರಿಸಲು ಬಂದವರ ಏಣಿ ಆರನೆಯ ಅಂತಸ್ತಿಗಿಂತ ಮೇಲಕ್ಕೆ ಏರಲಿಲ್ಲ. 146 ಜೀವಗಳು ಹೋದವು. ಅವರಲ್ಲಿ 123 ಮಂದಿ ಸ್ತ್ರೀಯರು. ಬೆಳಗ್ಗೆ ಮನೆ ಬಿಟ್ಟ ತಾಯಿಯೂ ಮಕ್ಕಳೂ ಮರಳಲಿಲ್ಲ.

ಬೀಗದ ವಿಷಯ ಮಾಲೀಕರಿಗೆ ತಿಳಿದಿತ್ತೆಂಬುದು ಸಾಬೀತಾಗದೆ, ಅದೇ ಡಿಸೆಂಬರಿನಲ್ಲಿ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಆದರೂ ಜನರ ಆಕ್ರೋಶ ತಣಿಯಲಿಲ್ಲ. ದುಡಿಮೆಯ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಕೂಡದು, ಬೆಂಕಿ ಬಿದ್ದಾಗ ಹೊರಬೀಳುವುದನ್ನು ಕೆಲಸಗಾರರಿಗೆ ಅಭ್ಯಾಸ ಮಾಡಿಸಬೇಕು ಎಂಬ ಕಾನೂನುಗಳು ಬಂದವು. ಮಕ್ಕಳನ್ನು ಹೆತ್ತವಳು ಕೇಳಬಹುದಾಗಿದ್ದ ರಕ್ಷಣೆ ಅವಳ ಮಕ್ಕಳು ಹೋದ ಮೇಲೆ ದೊರಕಿತು.

ಅವಳು ಹೊಲಿದ ಕುಪ್ಪಸ ತೊಟ್ಟವರಿಗೆ ಹೊಲಿದವಳ ಹೆಸರು ತಿಳಿದಿರಲಿಲ್ಲ. 2023ರಲ್ಲಿ ಆ ಕಟ್ಟಡಕ್ಕೆ ಉಕ್ಕಿನ ಸ್ಮಾರಕವೊಂದನ್ನು ಜೋಡಿಸಿ, ಮಡಿದವರೆಲ್ಲರ ಹೆಸರನ್ನೂ ಅದರಲ್ಲಿ ಕೊರೆದಿದ್ದಾರೆ. ಈಗ ಬೀದಿಯಲ್ಲಿ ಹೋಗುವ ಯಾರಾದರೂ ಒಂದು ಗಳಿಗೆ ನಿಂತು, ಆ ತಾಯಿಯ ಹೆಸರನ್ನೂ ಮಕ್ಕಳ ಹೆಸರುಗಳನ್ನೂ ಓದಬಹುದು.