ಎರಡನೆಯ ಸಾಲು

ರೈಲಿನ ಮಾರ್ಗ ಬದಲಾದಾಗ ಹೊರಡುವ ಪ್ರಕಟಣೆಯಲ್ಲಿ ಎರಡು ಸಾಲು ಮುಖ್ಯ. ರೈಲು ಯಾವ ಸುತ್ತು ದಾರಿ ಹಿಡಿಯುತ್ತದೆ ಅನ್ನುವುದು ಮೊದಲನೆಯದು. ಅವತ್ತು ಯಾವ ಯಾವ ನಿಲ್ದಾಣಗಳಿಗೆ ಅದು ಬರುವುದೇ ಇಲ್ಲ ಅನ್ನುವುದು ಎರಡನೆಯದು. ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್‌ನಲ್ಲಿ ನಾನು ಮೊದಲನೆಯ ಸಾಲನ್ನು ಮತ್ತೆ ಮತ್ತೆ ಓದಿದೆ: ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ಯಲಹಂಕ. ವೈಟ್‌ಫೀಲ್ಡ್, ಕೃಷ್ಣರಾಜಪುರಂ, ಬೆಂಗಳೂರು ದಂಡು ಅಂತಿದ್ದ ಎರಡನೆಯ ಸಾಲಿನ ಮೇಲೆ ಬರೀ ಕಣ್ಣು ಹಾಯಿಸಿ ಬಿಟ್ಟೆ.

ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ರಾತ್ರಿ ಊರು ಸದ್ದಡಗಿದ ಮೇಲೆ ದಂಡು, ಅಂದರೆ ಕಂಟೋನ್ಮೆಂಟ್ ನಿಲ್ದಾಣದ ಕಡೆಯಿಂದ ರೈಲಿನ ಸದ್ದು ಮನೆಯವರೆಗೂ ಕೇಳಿಸುತ್ತಿತ್ತು. ಜೋಲಾರಪೇಟೆಯಿಂದ ದಂಡಿನವರೆಗೆ ಮದ್ರಾಸ್ ರೈಲ್ವೆಯವರು ಹಾಕಿದ ಆ ಹಳಿ 1864ರದ್ದು. ಬೆಂಗಳೂರಿಗೆ ಬಂದ ಮೊದಲ ರೈಲು ನಿಂತದ್ದು ನಮ್ಮ ಕಡೆಯೇ. ಮೆಜೆಸ್ಟಿಕ್ ಬಳಿಯ ಸಿಟಿ ನಿಲ್ದಾಣ ಆಮೇಲಿನದು. ಹುಡುಗನಾಗಿದ್ದಾಗಿನಿಂದ ನನಗೆ ಇದೆಲ್ಲ ಬಾಯಿಪಾಠ. ಆದರೆ ಆಸೆ ಇದ್ದದ್ದು ಇನ್ನೊಂದು ಹಳಿಯ ಮೇಲೆ. ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗ ಬಿಟ್ಟು, ಕೋಲಾರ, ಶಿಡ್ಲಘಟ್ಟ ದಾಟಿ, ನಂದಿಬೆಟ್ಟದ ಬುಡ ಹಾಯ್ದು ಯಲಹಂಕಕ್ಕೆ ಬರುವ ದಾರಿ ಅದು. 1910ರ ದಶಕದಲ್ಲಿ ಹಾಕಿದಾಗ ಹಳಿಯ ಅಗಲ ಎರಡೂವರೆ ಅಡಿ. ಕೋಲಾರ–ಚಿಕ್ಕಬಳ್ಳಾಪುರ ಭಾಗ ಬ್ರಾಡ್‌ಗೇಜ್ ಆಗಿ ತೆರೆದದ್ದು 2013ರಲ್ಲಿ. ದೂರದೂರಿನ ದೊಡ್ಡ ರೈಲುಗಳು ಅಲ್ಲಿ ಕಾಣುವುದೇ ಅಪರೂಪ. ಮುಖ್ಯ ಮಾರ್ಗದಲ್ಲಿ ಏನಾದರೂ ದೊಡ್ಡ ಕೆಲಸ ನಡೆದಾಗ ಒಂದೋ ಎರಡೋ ಆ ಕಡೆ ತಿರುಗುತ್ತವೆ. ಅಂಥ ರೈಲಿನ ಕಿಟಕಿಯಲ್ಲಿ ಕೂರಬೇಕು ಅನ್ನುವುದು ನನ್ನ ಬಹುದಿನದ ಹಂಬಲ.

ಆ ಸಲ ಚೆನ್ನೈಗೆ ಹೋಗಿದ್ದದ್ದು ನಮ್ಮತ್ತೆಯನ್ನು ಕರೆತರಲು. ಅಪ್ಪನ ಅಕ್ಕ, ಎಪ್ಪತ್ತು ದಾಟಿದವರು, ಮಗಳ ಮನೆಯಲ್ಲಿದ್ದರು. ಹಲಸೂರು ಸೋಮೇಶ್ವರನ ಜಾತ್ರೆ ನೋಡಿ ಎಷ್ಟೋ ವರ್ಷ ಆಗಿತ್ತು. ಹೂವಿನ ಪಲ್ಲಕ್ಕಿಗಳು ಸಾಲಾಗಿ ಬೀದಿಗೆ ಬರುವ ರಾತ್ರಿ ಮನೆಯ ಮುಂದೆ ನಿಂತು ನೋಡಬೇಕು ಅಂತ ತಿಂಗಳಿಂದ ಫೋನಿನಲ್ಲಿ ಹೇಳುತ್ತಿದ್ದರು. ಪಲ್ಲಕ್ಕಿಯ ದಿನವೇ ಬೆಳಿಗ್ಗೆಯ ರೈಲು. ಮಧ್ಯಾಹ್ನ ಕಂಟೋನ್ಮೆಂಟ್‌ನಲ್ಲಿ ಇಳಿದರೆ ಮನೆ ಹತ್ತಿರ, ಊಟ ಮಾಡಿ ಒಂದು ನಿದ್ದೆ ತೆಗೆದು ರಾತ್ರಿಗೆ ಸಿದ್ಧವಾಗಬಹುದು. ಹೊರಡುವ ಹಿಂದಿನ ದಿನ ನನ್ನ ಫೋನಿಗೆ ಮಾರ್ಗ ಬದಲಾವಣೆಯ ಸಂದೇಶ ಬಂತು. ಅವರಿಗೆ ಹೇಳಲಿಲ್ಲ. ಹೇಳಿದರೆ ಬಸ್ಸಿನಲ್ಲಿ ಹೋಗೋಣ ಅಂದಾರು ಎಂಬ ಭಯ. ಮರೆತೆ ಅಂತ ಎಷ್ಟೋ ಜನರ ಹತ್ತಿರ ಹೇಳಿದ್ದೇನೆ. ಮರೆತಿರಲಿಲ್ಲ.

ಜೋಲಾರಪೇಟೆಯಲ್ಲಿ ಒಬ್ಬ ಹೆಂಗಸು ಹತ್ತಿದರು. ಜನರಲ್ ಟಿಕೆಟ್, ಕೈಯಲ್ಲಿ ಒಂದು ಬ್ಯಾಗು, ಒಂದು ಸ್ಟೀಲ್ ಡಬ್ಬಿ. ಜನರಲ್ ಬೋಗಿಯಲ್ಲಿ ಕಾಲಿಡಲೂ ಜಾಗ ಇರಲಿಲ್ಲವಂತೆ. ಅತ್ತೆ ಸರಿದು ಕೂತು ಪಕ್ಕದಲ್ಲಿ ಕೂರಿಸಿಕೊಂಡರು. ತಮಿಳು ಬೆರೆತ ಕನ್ನಡದಲ್ಲಿ ಅವರು ಹೇಳಿದ್ದು ಇಷ್ಟು: ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ತಮ್ಮ ಮಲಗಿದ್ದಾನೆ, ಸಂಜೆ ನೋಡಲು ಬಿಡುತ್ತಾರೆ, ಡಬ್ಬಿಯಲ್ಲಿ ಅವನಿಗೆ ಊಟ. ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ. ಕಣ್ಣು ಕಿಟಕಿಯ ಹೊರಗೇ ಇತ್ತು. ಕಾದಿರಿಸಿದ ಟಿಕೆಟ್ಟಿನವರ ಫೋನಿಗೆ ಸಂದೇಶ ಬರುತ್ತದೆ, ಜನರಲ್ ಟಿಕೆಟ್ಟಿನವರಿಗೆ ಅದಿಲ್ಲ. ಈ ವ್ಯವಸ್ಥೆ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅದನ್ನು ಎದುರಿಗೆ ಕೂತಿದ್ದವರಿಗೆ ಹೊಂದಿಸಿ ನೋಡಬೇಕು ಅಂತ ಆ ಹೊತ್ತಿಗೆ ಹೊಳೆಯಲಿಲ್ಲ.

ಬಂಗಾರಪೇಟೆ ಬಿಟ್ಟು ರೈಲು ಒಂಟಿ ಹಳಿಗೆ ಇಳಿದಾಗ ಎದೆ ತುಂಬಿ ಬಂತು. ಅದನ್ನು ಇವತ್ತೂ ಸುಳ್ಳು ಅನ್ನಲಾರೆ. ಸ್ವಲ್ಪ ಹೊತ್ತಿಗೆ ಕೋಲಾರದ ಅಂತರಗಂಗೆಯ ಬೆಟ್ಟಸಾಲು, ಒಂದರ ಮೇಲೊಂದು ಪೇರಿಸಿಟ್ಟ ಹಾಗಿನ ಬಂಡೆಗಳು. ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆಯಲ್ಲಿ ನೀರು ನಿಂತ ಕೆರೆ. ನಮ್ಮ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಆ ನೀರಿನ ಗುಣದ ಬಗ್ಗೆ ಅಲ್ಲಿನ ರೈತರಿಗೆ ತಕರಾರೂ ಇದೆ. ಇದನ್ನೆಲ್ಲ ಪಕ್ಕದವರಿಗೆ ವಿವರಿಸುತ್ತಿದ್ದೆ. ಹಾಗೆ ಮಾತಿನ ಭರದಲ್ಲಿದ್ದಾಗಲೇ ಅತ್ತೆ ಕೇಳಿದರು: "ವೈಟ್‌ಫೀಲ್ಡ್ ಇನ್ನೂ ಬರಲಿಲ್ವೇನೋ?"

ಆಗ ಹೇಳಲೇಬೇಕಾಯಿತು. ಈ ರೈಲು ವೈಟ್‌ಫೀಲ್ಡಿಗೂ ಹೋಗಲ್ಲ, ಕಂಟೋನ್ಮೆಂಟಿಗೂ ಹೋಗಲ್ಲ ಅಂದೆ. ಅತ್ತೆ ನನ್ನ ಮುಖ ನೋಡಿದರು. ಅವರಿಗಿಂತ ಮೊದಲು ಎದ್ದು ನಿಂತದ್ದು ಆ ಹೆಂಗಸು. "ಮುಂಚೆ ಗೊತ್ತಿತ್ತಾ ಸಾರ್ ನಿಮಗೆ?" ಅಂತ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದ್ದು. ಗೊತ್ತಿತ್ತು ಅಂದೆ. ಕೋಲಾರ ಹಿಂದಕ್ಕೆ ಹೋಗಿಯಾಗಿತ್ತು. ಅಲ್ಲಿ ಇಳಿದಿದ್ದರೆ ಹೊಸಕೋಟೆ, ಕೆ.ಆರ್.ಪುರಂ ಮೇಲೆ ಬರುವ ಬಸ್ಸು ಸಿಗುತ್ತಿತ್ತು, ಸಂಜೆಯೊಳಗೆ ಆಸ್ಪತ್ರೆ ಮುಟ್ಟುತ್ತಿದ್ದರು. ಬಂಗಾರಪೇಟೆಯಲ್ಲೇ ನಾನು ಬಾಯಿ ಬಿಡಬಹುದಿತ್ತು. ಆಗ ಬಾಗಿಲಲ್ಲಿ ನಿಂತು ಹಳಿ ಕವಲೊಡೆಯುವ ಫೋಟೊ ತೆಗೆಯುತ್ತಿದ್ದೆ. ಬೋಗಿಯಲ್ಲಿ ಸುದ್ದಿ ಹರಡಿತು. ಕೆ.ಆರ್.ಪುರಂನಲ್ಲಿ ಇಳಿದು ರಾತ್ರಿ ಪಾಳಿಗೆ ಹೋಗಬೇಕಿದ್ದ ಒಬ್ಬರು ಮೇಸ್ತ್ರಿಗೆ ಫೋನ್ ಮಾಡತೊಡಗಿದರು. ನನ್ನ ವಿವರಣೆ ಯಾರಿಗೂ ಬೇಕಿರಲಿಲ್ಲ.

ನೇರ ಹಳಿಯಲ್ಲಿ ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಸುತ್ತು ದಾರಿ ಅದರ ಇಮ್ಮಡಿಗೂ ಹೆಚ್ಚು. ಆದರೆ ಕಾಯಿಸುವುದು ಬರೀ ದೂರವಲ್ಲ. ತಿರುಗಿಸಿದ ರೈಲಿಗೆ ಆ ಮಾರ್ಗದ ವೇಳಾಪಟ್ಟಿಯಲ್ಲಿ ತನ್ನದು ಅಂತ ಹೊತ್ತು ಇರುವುದಿಲ್ಲ. ಒಂಟಿ ಹಳಿಯಲ್ಲಿ ಎದುರಿನ ರೈಲು ಬಂದು ದಾಟುವ ತನಕ ನಿಲ್ದಾಣದಲ್ಲಿ ಕಾಯಬೇಕು. ಆ ದಾರಿ ಕಲಿತಿಲ್ಲದ ಲೋಕೊ ಪೈಲಟ್ ಆಗಿದ್ದರೆ ಕಲಿತವರೊಬ್ಬರು ಬಂದು ಜೊತೆಯಾಗಬೇಕು. ಶ್ರೀನಿವಾಸಪುರದ ಮಾವಿನ ತೋಪು, ಚಿಂತಾಮಣಿಯ ಗುಡ್ಡ, ಶಿಡ್ಲಘಟ್ಟದ ಹಿಪ್ಪುನೇರಳೆ ಹೊಲ ಎಲ್ಲ ಕಿಟಕಿಯಲ್ಲಿ ಬಂದವು. ನಿಂತಲ್ಲೇ ನಿಂತು, ಬೇಡ ಅನಿಸುವಷ್ಟು ಹೊತ್ತು ಇದ್ದವು. ಏಪ್ರಿಲ್ ಬಿಸಿಲಿಗೆ ಬೋಗಿ ಕಾದಿತ್ತು. ತಂದ ನೀರು ಮುಗಿಯಿತು. ಅತ್ತೆ ಕಾಲು ಇಳಿಬಿಟ್ಟುಕೊಂಡೇ ಕೂತಿದ್ದರು. ನಂದಿ ಹಾಲ್ಟ್ ಬರುವಷ್ಟರಲ್ಲಿ ಕತ್ತಲೆ. ನಾನು ಕನಸಿನಲ್ಲೂ ಕಾಣುತ್ತಿದ್ದ ಬೆಟ್ಟ ಎಲ್ಲಿದೆ ಅಂತ ಗೊತ್ತಾಗಲೂ ಇಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ಹುಡುಕುವ ಮುಖವೂ ಉಳಿದಿರಲಿಲ್ಲ.

ಆ ಹೆಂಗಸು ದಾರಿಯಲ್ಲಿ ಡಬ್ಬಿ ತೆರೆದರು. ಇನ್ನು ಹಳಸುತ್ತದೆ ಅಂತ ಅತ್ತೆಗೂ ನನಗೂ ಬಡಿಸಿದರು. ಅತ್ತೆ ತಿಂದರು. ನಾನೂ ತಿಂದೆ. ಆ ತುತ್ತಿನ ನೆನಪಾದರೆ ಇಂದಿಗೂ ಗಂಟಲು ಬಿಗಿಯುತ್ತದೆ. ಯಲಹಂಕದಲ್ಲಿ ಇಳಿದಾಗ ಶಿವಾಜಿನಗರದ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿದೆ. ನಾವು ಹತ್ತಿದ ಕಾರಿನಲ್ಲಿ ಅವರನ್ನೂ ಕೂರಿಸಿಕೊಂಡು ಬಿಟ್ಟು ಬರಬಹುದಿತ್ತಲ್ಲ ಎಂಬುದು ಹೊಳೆದದ್ದು ಹೆಬ್ಬಾಳ ದಾಟಿದ ಮೇಲೆ.

ಮನೆ ತಲುಪುವಾಗ ಹಲಸೂರಿನ ಬೀದಿಗಳಲ್ಲಿ ದೀಪದ ತೋರಣ, ಜನವೋ ಜನ. ಕಾರು ದೂರದಲ್ಲೇ ನಿಂತಿತು, ಉಳಿದದ್ದು ನಡಿಗೆ. ಅತ್ತೆಯ ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಮಲಗುತ್ತೇನೆ ಅಂದರು. ನಡುರಾತ್ರಿ ಪಲ್ಲಕ್ಕಿ ನಮ್ಮ ಬೀದಿಗೆ ಬಂದಾಗ ಎಬ್ಬಿಸಿದೆ. ವಾದ್ಯದ ಸದ್ದು ಕೋಣೆಯೊಳಕ್ಕೆ ಬರುತ್ತಿತ್ತು. ಎದ್ದು ಕೂತು ಅಲ್ಲಿಂದಲೇ ಕೈಮುಗಿದರು. "ನೀನು ಹೋಗಿ ನೋಡ್ಕೊಂಡು ಬಾ" ಅಂದರು.

ನಾನು ಅಪರೂಪ ಅಂದುಕೊಂಡಿದ್ದ ಆ ಹಳಿಯ ಮೇಲೆ ಪ್ಯಾಸೆಂಜರ್ ರೈಲು ಓಡುತ್ತದೆ. ಎಕ್ಸ್‌ಪ್ರೆಸ್ ಟಿಕೆಟ್ಟಿಗೆ ಕೊಟ್ಟದ್ದಕ್ಕಿಂತ ಎಷ್ಟೋ ಕಡಿಮೆ ದುಡ್ಡಿಗೆ ಹೋಗಬಹುದು, ಬರಬಹುದು. ಹಲಸೂರಿನಲ್ಲಿದ್ದುಕೊಂಡು ಅದನ್ನು ಹತ್ತಬೇಕು ಅಂತ ನನಗೆ ಒಮ್ಮೆಯೂ ಅನಿಸಿರಲಿಲ್ಲ. ಆಮೇಲೊಂದು ದಿನ ಒಬ್ಬನೇ ಹೋದೆ. ಬೆಳಗಿನ ಬಿಸಿಲಲ್ಲಿ ನಂದಿಬೆಟ್ಟ ಉದ್ದಕ್ಕೂ ಜೊತೆಗೇ ಬಂತು. ಸೊಪ್ಪಿನ ಮೂಟೆಯವರು, ಕಾಲೇಜಿನ ಹುಡುಗರು, ಯಾರೂ ತಲೆಯೆತ್ತಿ ನೋಡಲಿಲ್ಲ. ಅವರೆಲ್ಲ ಎಲ್ಲಿಗೋ ಹೋಗಬೇಕಾದವರು. ಅವತ್ತಿನ ಬೋಗಿಯಲ್ಲೂ ಎಲ್ಲಿಗೂ ಹೋಗಬೇಕಿಲ್ಲದವನು ನಾನೊಬ್ಬನೇ. ಅತ್ತೆಯ ಜೊತೆಗಿದ್ದೂ ಹಾಗಿದ್ದೆನಲ್ಲ ಅನ್ನುವುದು ನನಗೆ ಇನ್ನೂ ಅರಗದ ಸಂಗತಿ.

ಅತ್ತೆಗೆ ಆ ಬೆಟ್ಟದ ಫೋಟೊ ತೋರಿಸಿ, ಅವತ್ತು ಸುಮ್ಮನಿದ್ದದ್ದು ಬೇಕೆಂದೇ ಅಂತ ಒಪ್ಪಿಕೊಂಡೆ. ಗೊತ್ತಿತ್ತು ಅಂದರು. ಫೋಟೊವನ್ನು ಬಹಳ ಹೊತ್ತು ನೋಡಿದರು. "ಮುಂಚೆಯೇ ಹೇಳಿದ್ದಿದ್ರೆ ನಾನೂ ಆಚೆ ನೋಡ್ತಿದ್ನಲ್ಲೋ. ಕಂಟೋನ್ಮೆಂಟ್ ಯಾವಾಗ ಬರುತ್ತೋ ಅಂತ ಕಾಯೋದ್ರಲ್ಲೇ ಎಲ್ಲ ಹೋಯ್ತು."

ಈಗಲೂ ಸುತ್ತು ದಾರಿಯ ರೈಲು ಸಿಕ್ಕರೆ ಹತ್ತುತ್ತೇನೆ, ಆ ಆಸೆ ಬಿಟ್ಟಿಲ್ಲ. ಹಳಿ ಕವಲೊಡೆಯುವ ನಿಲ್ದಾಣಕ್ಕೆ ಮುಂಚೆ ಮಾತ್ರ ಎದ್ದು ನಿಂತು, ಯಾವ ಯಾವ ಊರಿಗೆ ರೈಲು ಹೋಗುವುದಿಲ್ಲ ಅಂತ ಬೋಗಿಯವರಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಕೆಲವರು ರೇಗುತ್ತಾರೆ, ನೀನ್ಯಾರು ಹೇಳೋಕೆ ಅನ್ನುತ್ತಾರೆ. ಕೆಲವರು ಗಡಬಡಿಸಿ ಸಾಮಾನು ಇಳಿಸಿಕೊಳ್ಳುತ್ತಾರೆ. ಅಲ್ಲಿಂದ ಬಸ್ಸು ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಮೊದಲೇ ವಿಚಾರಿಸಿಟ್ಟುಕೊಂಡಿರುತ್ತೇನೆ.