ಬೈಯಲು ಸಿಗದ ದೇವರು

ನಮ್ಮ ಕೋಣಂದೂರು ಕಡೆ ಆಷಾಢದ ಮಳೆ ಬಿಡದೆ ಹೊಡೆದರೆ ಬ್ರಹ್ಮನಿಗೆ ಬೈಗುಳ ಶುರು. ಕೊಳೆ ಹಿಡಿದ ಎಳೆ ಅಡಿಕೆ ತೋಟದ ತುಂಬ ಉದುರಿರುತ್ತದೆ. ಎತ್ತಿ ನೋಡಿದರೆ ತೊಟ್ಟಿನ ಬುಡದಲ್ಲಿ ನೀರು ಕುಡಿದಂಥ ಕಡುಹಸಿರು ಕಲೆ. ನಾಲ್ಕು ದಿನ ಬಿಟ್ಟರೆ ಮೈಯೆಲ್ಲ ಬಿಳಿ ಬೂಸ್ಟು. ಮೈಲುತುತ್ತ, ಸುಣ್ಣ ಕಲಸಿ ಹೊಡೆದದ್ದು ಮಳೆಗೆ ತೊಳೆದುಹೋಗಿದೆ. “ಇಂಥಾ ಮರ ಮಾಡಿದೋನಿಗೆ ಈ ರೋಗ ಮಾಡೋ ಬುದ್ಧಿ ಯಾಕ್ ಬಂತೋ ಮಾರಾಯ್ರೆ” ಎಂದು ಅಡಿಕೆ ಕೊಯ್ಯುವ ಕೊನೆಗೌಡ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕ್ರಿ.ಶ. ಎರಡನೇ ಶತಮಾನದಲ್ಲಿ ಈಜಿಪ್ಟಿನ ಕಡೆ ಕೆಲವರಲ್ಲಿ ಉತ್ತರವಿತ್ತು. ಅವರು ನಾಸ್ಟಿಕರು (ನಾಸ್ತಿಕರಲ್ಲ, ಅಚ್ಚಿನ ದೋಷವೂ ಅಲ್ಲ). ಈ ಲೋಕ ಮಾಡಿದವನು ನಿಜವಾದ ದೇವರೇ ಅಲ್ಲ ಎಂದುಬಿಟ್ಟರು ಅವರು. ನಿಜವಾದದ್ದು ಹೆಸರಿಗೂ ಎಟುಕದ ಬೆಳಕು. ಅದರಿಂದ ಹೊಮ್ಮಿದ ಸೋಫಿಯಾ ಎಂಬವಳು ಜೊತೆಗಾರನ ಒಪ್ಪಿಗೆಯಿಲ್ಲದೆ ಹೆತ್ತ ಕೂಸು ಯಾಲ್ದಬೋತ್: ಹಾವಿನ ಮೈ, ಸಿಂಹದ ಮುಖ. ತಾಯಿ ನಾಚಿ ಮೋಡದೊಳಗೆ ಮರೆಮಾಡಿದಳು. ತನಗಿಂತ ಮೇಲೆ ಏನಿದೆಯೆಂದು ತಿಳಿಯದ ಆ ಕೂಸೇ ಲೋಕ ಕಟ್ಟಿ, ತಾನೊಬ್ಬನೇ ದೇವರು, ತಾನು ಅಸೂಯೆಯ ದೇವರು ಎಂದು ಸಾರಿತಂತೆ. ಬೇರೆ ಯಾರೂ ಇಲ್ಲದಿದ್ದರೆ ಅಸೂಯೆ ಯಾರ ಮೇಲೆ? ಈ ಕಥೆ ಬರೆದವನು ಹಾಗೆ ಚುಚ್ಚುತ್ತಾನೆ. ನಮ್ಮೂರ ಪಂಚಾಯ್ತಿಕಟ್ಟೆಯಲ್ಲಿ ಕೂರಿಸಬೇಕಾದ ಮನುಷ್ಯ.

ಇಂಥ ಕಥೆಗಳ ಪುಸ್ತಕಗಳನ್ನು ಯಾರೋ ಜಾಡಿಯಲ್ಲಿಟ್ಟು ಮಣ್ಣು ಮುಚ್ಚಿದರು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಗೊಬ್ಬರದ ಮಣ್ಣು ಅಗೆಯಹೋದ ರೈತರಿಗೆ ಅವು ಸಿಕ್ಕವೆನ್ನುತ್ತಾರೆ.

ನಮ್ಮ ನೆಲದಲ್ಲಿ ಸೃಷ್ಟಿಕರ್ತನನ್ನು ಇದಕ್ಕಿಂತ ಖಡಾಖಂಡಿತವಾಗಿ ತಳ್ಳಿಹಾಕಿದವರು ಜಾಡಿ ಹುಡುಕಬೇಕಾಗಲಿಲ್ಲ. ಒಂಬತ್ತನೇ ಶತಮಾನದ ಜೈನ ಮುನಿ ಜಿನಸೇನಾಚಾರ್ಯರು ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ದೇವರು ಲೋಕ ಮಾಡಿದನೆಂದರೆ ಮಾಡುವ ಮುಂಚೆ ಎಲ್ಲಿದ್ದ, ಯಾವ ಸಾಮಾನಿನಿಂದ ಮಾಡಿದ, ಏನೂ ಕೊರತೆಯಿಲ್ಲದವನಿಗೆ ಮಾಡುವ ಆಸೆ ಯಾಕೆ ಹುಟ್ಟಿತು ಎಂದು ಅವರು ಒಂದೊಂದಾಗಿ ಕೇಳುತ್ತಾರೆ. ಅವರ ಪುರಾಣವನ್ನು ಆಧರಿಸಿಯೇ 941ರಲ್ಲಿ ಪಂಪ ಆದಿಪುರಾಣ ಬರೆದ. ನಾಸ್ಟಿಕರು ಸೃಷ್ಟಿಕರ್ತನನ್ನು ಕಟಕಟೆಗೆ ತಂದರು. ಜಿನಸೇನರು ಆ ಹುದ್ದೆಯನ್ನೇ ರದ್ದು ಮಾಡಿದರು. ಲೋಕ ಅನಾದಿ, ಅವರವರ ಕರ್ಮ ಅವರವರಿಗೆ. ತರ್ಕಕ್ಕೆ ಇದೇ ಗಟ್ಟಿ. ಆದರೆ ಕೊಳೆ ಬಂದ ವರ್ಷ ನನಗೆ ಯಾಲ್ದಬೋತನೇ ಹತ್ತಿರದವನೆನಿಸುತ್ತಾನೆ. ಬೈಯಲಿಕ್ಕಾದರೂ ಒಬ್ಬ ಬೇಕಲ್ಲ!

ಇನ್ನು ಬೇಡಲಿಕ್ಕೆ? ನಮಗೆ ಹುಂಚ ದೂರವಲ್ಲ. ಸಾಂತರರ ರಾಜಧಾನಿ, 1077ರಲ್ಲಿ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದ ಊರು. ಅಲ್ಲಿ ಪಾರ್ಶ್ವನಾಥನ ಮುಂದೆ ಕೈಮುಗಿದು ನಿಲ್ಲಬಹುದು ಅಷ್ಟೇ. ಬಂಧನ ಕಳಚಿ ಹೋದವನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಸಂಸಾರಸ್ಥರ ಗುಂಪು ಪಕ್ಕದ ಪದ್ಮಾವತಿಯ ಮುಂದೆ. ಅವಳು ಲೋಕ ಮಾಡಿದವಳಲ್ಲ, ಪಾರ್ಶ್ವನಾಥನ ಯಕ್ಷಿ. ಆದರೂ ಮಗಳ ಮದುವೆ, ಗದ್ದೆಯ ವ್ಯಾಜ್ಯ, ಅಡಿಕೆ ಧಾರಣೆ ಎಲ್ಲ ಅವಳ ಕಿವಿಗೇ. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆಯಾದಂತೆ. ಕಣ್ಣು ಮಿಟುಕಿಸದೆ ಆ ಹೂವನ್ನೇ ನೋಡುತ್ತ ನಿಂತವರಲ್ಲಿ ಜೈನರಷ್ಟೇ ಇರುವುದಿಲ್ಲ; ಲಿಂಗ ಕಟ್ಟಿದವರು, ಜನಿವಾರದವರು, ಗೌಡರು ಎಲ್ಲರೂ ಇರುತ್ತಾರೆ. ಪರಮಸತ್ಯ ಬೇರೆ, ಅಹವಾಲು ಕೇಳುವವರು ಬೇರೆ ಎಂಬ ಏರ್ಪಾಡು ಇಲ್ಲಿ ಯಾರಿಗೂ ವಿಚಿತ್ರವೆನಿಸಿಲ್ಲ. ನಾಸ್ಟಿಕರು ಇದೇ ಎರಡರ ನಡುವೆ ಯುದ್ಧ ಹೂಡಿದರು.