ಹೊನ್ನಿನ ಹೆಸರು

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಕೇಳಿದಾಗ ನನಗೆ ನೆನಪಾದುದು ಒಂದೇ ಅಕ್ಷರ: ‘ಹ’. ‘ಆಲು’ ಎಂದವರಿಂದ ‘ಹಾಲು’ ಎಂದು ಹತ್ತು ಬಾರಿ ಹೇಳಿಸುತ್ತಿದ್ದ ನಮ್ಮ ಗುರುಗಳು, ಅದೇ ಅಕ್ಷರ ಮುಂದೊಂದು ದಿನ ನನ್ನ ಮೊಮ್ಮಗಳ ನಾಮಕರಣಕ್ಕೆ ಅಡ್ಡ ಬರುವುದೆಂದು ಊಹಿಸಿರಲಾರರು.

ಮಗ ಸೊಸೆ ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದಾರೆ. ಅದು ಕ್ವಿಬೆಕ್ ಪ್ರಾಂತಕ್ಕೆ ಸೇರಿದ ಊರು. 1977ರ ಭಾಷಾ ಶಾಸನದ ತರುವಾಯ ಅಲ್ಲಿ ಕಚೇರಿ, ಕೆಲಸ, ಶಾಲೆಗಳಲ್ಲಿ ಫ್ರೆಂಚ್ ಭಾಷೆಗೇ ಅಗ್ರಸ್ಥಾನ. ಪ್ರಾಂತದ ಗಡಿ ದಾಟಿದರೆ ಇಂಗ್ಲಿಷ್. ಹೆಣ್ಣುಮಗು ಹುಟ್ಟಿದಾಗ, ಈ ಎರಡೂ ನಾಲಗೆಗಳಿಗೆ ಒಗ್ಗುವ ಹೆಸರು ಬೇಕೆಂದು ಮಗ ದೂರವಾಣಿಯಲ್ಲಿ ಹೇಳಿದ. ನನಗೋ, ತೀರಿಹೋದ ಅವ್ವನ ಹೆಸರನ್ನೇ ಇಡಬೇಕೆಂಬ ಆಸೆ: ಹೊನ್ನಮ್ಮ.

“ಅಪ್ಪಾ, ಫ್ರೆಂಚಿನಲ್ಲಿ ಹಕಾರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಅಜ್ಜಿಯ ಹೆಸರು ಒನ್ನಮ್ಮ ಆಗಿಬಿಡುತ್ತದೆ” ಎಂದ. ಹಾಗಾದರೆ ಅದೇ ಅರ್ಥದ ‘ಕನಕ’ ಇರಲಿ ಎಂದೆ. ಅದೂ ಆಗಲಿಲ್ಲ. ನ್ಯೂ ಕ್ಯಾಲೆಡೋನಿಯ ದ್ವೀಪದ ಮೂಲನಿವಾಸಿಗಳನ್ನು ಫ್ರೆಂಚ್ ವಸಾಹತಿನವರು ‘ಕನಾಕ್’ ಎಂದು ಹೀಗಳೆದು ಕರೆಯುತ್ತಿದ್ದರಂತೆ. ಆ ಜನರು ಇಂದು ಅದನ್ನೇ ಅಭಿಮಾನದ ಹೆಸರಾಗಿಸಿಕೊಂಡಿದ್ದರೂ, ಮಗುವನ್ನು ಯಾರಾದರೂ ಹಾಗೆಂದು ಕೆಣಕಿದರೆ ಎಂಬ ಅಳುಕು ಸೊಸೆಗೆ.

ಅಂದು ಸಿಟ್ಟಿನಿಂದಲೇ ಮಾತು ಮುಗಿಸಿದೆ. ಹೆತ್ತವ್ವನ ಹೆಸರೂ ಪರರ ನಾಲಗೆಗೆ ಮಣಿಯಬೇಕೆ? ಗೋಡೆಯ ಮೇಲಿದ್ದ ಅವ್ವನ ಭಾವಚಿತ್ರವನ್ನು ನೋಡುತ್ತ ಕುಳಿತಾಗ ಉತ್ತರ ತಾನಾಗಿ ಹೊಳೆಯಿತು. ತುಡಿಯಲೂರಿನ ನಮ್ಮ ಬೀದಿಯಲ್ಲಿ ಅವಳನ್ನು ಹೊನ್ನಮ್ಮ ಎಂದವರು ಮನೆಯವರು ಮಾತ್ರ. ತಮಿಳು ನೆರೆಹೊರೆಗೆ ಅವಳು ಪೊನ್ನಮ್ಮ. ಪಡಿತರ ಚೀಟಿಯಲ್ಲಿ ಪೊನ್ನಮ್ಮಾಳ್. ಎಲ್ಲಕ್ಕೂ ಅವಳು ನಗುತ್ತಲೇ ಓಗೊಟ್ಟಳು. ಹಳಗನ್ನಡದ ‘ಪೊನ್’ ತಾನೆ ನಮ್ಮಲ್ಲಿ ‘ಹೊನ್ನು’ ಆದುದು? ತಮಿಳಿನಲ್ಲಿ ಪಕಾರ ಉಳಿಯಿತು, ಅಷ್ಟೆ. ಅವ್ವ ಎರಡು ಹೆಸರುಗಳಲ್ಲಿ ಬಾಳಿದಳು. ಅದರಿಂದ ಅವಳು ಬೇರೆಯವಳಾಗಲಿಲ್ಲ.

ಮರುದಿನ ನಾನೇ ಮಗನನ್ನು ಕರೆದು ‘ಹೇಮಾ’ ಎಂದೆ. ಇಂಗ್ಲಿಷಿಗೆ ತೊಡಕಿಲ್ಲ. ಫ್ರೆಂಚರ ಬಾಯಲ್ಲಿ ಅದು ‘ಏಮಾ’ ಆದರೂ, ಅವರಿಗೆ ಪರಿಚಿತವಾದ ‘ಎಮ್ಮಾ’ ಎಂಬ ಹೆಸರಿಗೆ ಹತ್ತಿರದ್ದು. ತಮಿಳು ನಿಘಂಟಿನಲ್ಲಿಯೂ ಹೊನ್ನಿಗೆ ‘ಏಮಂ’ ಎಂಬ ಮಾತುಂಟು. ಹಕಾರ ಉದುರಿದರೂ ಹೊನ್ನು ಉದುರುವುದಿಲ್ಲ. ಮಗನೂ ಸೊಸೆಯೂ ಒಪ್ಪಿದರು.

ನಾನು ಒಂದು ಷರತ್ತನ್ನು ಮಾತ್ರ ಹಾಕಿದೆ: ಹೊರಗೆ ಯಾರು ಹೇಗಾದರೂ ಕರೆಯಲಿ, ಮನೆಯೊಳಗೆ ಹಕಾರ ಬಿಡಬಾರದು. ಈಗ ವಾರಕ್ಕೊಮ್ಮೆ ಪರದೆಯ ಮೇಲೆ ಮಗುವಿನ ಮುಖ ಕಂಡಾಗ ಉಸಿರು ತುಂಬಿ “ಹೇಮಾ” ಎನ್ನುತ್ತೇನೆ. ಮಗು ತಿರುಗಿ ನೋಡುತ್ತದೆ. ಆ ಒಂದು ಅಕ್ಷರವನ್ನು ಹತ್ತು ಬಾರಿ ಹೇಳಿಸಿ ಕಲಿಸಿದ ಗುರುಗಳಿಗೆ, ಐವತ್ತು ತುಂಬಿದ ನಮ್ಮ ಶಾಲೆಗೆ ನನ್ನ ನಮನಗಳು.